ಪಕ್ಕದ ಟೇಬಲ್ಲಿನ ಶತ್ರು

ಮೂರು ತಿಂಗಳ ಹಿಂದೆ ನನ್ನ ರೂಮ್‌ಮೇಟ್‌ಗೆ ಮೊದಲ ಸಂಬಳ ಬಂತು. ಇಬ್ಬರದೂ ಒಂದೇ ಕಾಲೇಜು, ಒಂದೇ ಬ್ರಾಂಚು. ನಾಲ್ಕು ವರ್ಷವೂ ಅವನ ಲ್ಯಾಬ್ ರೆಕಾರ್ಡು ನನ್ನದನ್ನು ನೋಡಿ ಬರೆದದ್ದೇ. ಪರೀಕ್ಷೆಯ ಹಿಂದಿನ ರಾತ್ರಿ ನಾನು ಹೇಳಿಕೊಟ್ಟಿದ್ದನ್ನು ನೆನಪಿಟ್ಟುಕೊಂಡು ಪಾಸಾದವನು. ಯಾರೋ ಸೀನಿಯರ್ ಕೊಟ್ಟ ರೆಫರಲ್‌ನಿಂದ ಮೊದಲ ಇಂಟರ್‌ವ್ಯೂನಲ್ಲೇ ಕೆಲಸ ಹಿಡಿದ. ಡಿಸ್ಟಿಂಕ್ಷನ್ ಪಡೆದ ನಾನು ಎರಡು ವರ್ಷದಿಂದ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದೇನೆ. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಮಧ್ಯಾಹ್ನ ರೆಸ್ಯೂಮೆ ಕಳಿಸುವುದು, ಸಂಜೆ ಊರಿನಿಂದ ಬರುವ ಫೋನಿಗೆ ‘ಇನ್ನೂ ರಿಸಲ್ಟ್ ಬಂದಿಲ್ಲ ಅಪ್ಪಾಜಿ’ ಎನ್ನುವುದು. ಇಷ್ಟೇ ದಿನಚರಿ.

‘ಟ್ರೀಟ್ ಕೊಡ್ತೀನಿ, ಬಾರೋ’ ಎಂದ. ಹೊಟ್ಟೆ ಸರಿ ಇಲ್ಲ ಎಂದೆ. ರಾತ್ರಿ ಬರುವಾಗ ನನಗೆಂದು ಬಿರಿಯಾನಿ ಪಾರ್ಸೆಲ್ ತಂದಿದ್ದ. ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಅವನೇ ಎತ್ತಿ ಕಸದ ಬುಟ್ಟಿಗೆ ಹಾಕಿದ, ಏನೂ ಕೇಳಲಿಲ್ಲ.

ಅದಾದ ಮೇಲೆ ಒಂದು ಶನಿವಾರ ರಾತ್ರಿ ಅವನು ಲ್ಯಾಪ್‌ಟಾಪ್‌ನಲ್ಲಿ ‘ದ ಸಿಂಪ್ಸನ್ಸ್’ ಹಾಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. 1989ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಶುರುವಾದ ಕಾರ್ಟೂನ್ ಹಾಸ್ಯ ಧಾರಾವಾಹಿ ಅದು. ಕಾರ್ಟೂನಾದರೂ ದೊಡ್ಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ‘ಲೋ, ಇಲ್ಲಿ ನೋಡೋ, ಈ ಹೋಮರ್ ಥೇಟ್ ನನ್ನ ಥರಾನೇ’ ಎಂದ. ಪುಸ್ತಕ ಮುಚ್ಚಿ ನೋಡಿದೆ.

ಆ ಕಂತಿನ ಹೆಸರು ‘ಹೋಮರ್ಸ್ ಎನಿಮಿ’, ಅಂದರೆ ಹೋಮರನ ಶತ್ರು. 1997ರ ಮೇ 4ರಂದು ಪ್ರಸಾರವಾದದ್ದು. ಹೋಮರ್ ಸಿಂಪ್ಸನ್ ಅಣು ವಿದ್ಯುತ್ ಸ್ಥಾವರದಲ್ಲಿ ಸುರಕ್ಷತಾ ಇನ್‌ಸ್ಪೆಕ್ಟರ್. ಕೆಲಸದ ಹೊತ್ತಿನಲ್ಲಿ ನಿದ್ದೆ ಹೊಡೆಯುವ, ಡೋನಟ್ ತಿನ್ನುವ ದಡ್ಡ. ಆದರೂ ದೊಡ್ಡ ಮನೆ, ಒಳ್ಳೆಯ ಹೆಂಡತಿ, ಮೂರು ಮಕ್ಕಳು. ಅದೇ ಸ್ಥಾವರಕ್ಕೆ ಫ್ರಾಂಕ್ ಗ್ರೈಮ್ಸ್ ಎಂಬ ಹೊಸಬ ಸೇರುತ್ತಾನೆ. ನಾಲ್ಕು ವರ್ಷದವನಿದ್ದಾಗಲೇ ಹೆತ್ತವರು ಬಿಟ್ಟುಹೋದ ಹುಡುಗ. ಉಳ್ಳವರ ಮಕ್ಕಳಿಗೆ ಆಟಿಕೆ ಮುಟ್ಟಿಸುವ ಕೆಲಸ ಮಾಡಿ ಬೆಳೆದವನು. ಹದಿನೆಂಟಕ್ಕೆ ಒಂದು ಸ್ಫೋಟದಲ್ಲಿ ಸಿಕ್ಕಿ, ಚೇತರಿಸಿಕೊಂಡು, ಸಿಕ್ಕ ಚೂರುಪಾರು ಬಿಡುವಿನಲ್ಲಿ ಅಂಚೆ ತೆರಪಿನ ಶಿಕ್ಷಣದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಡಿಪ್ಲೊಮಾ ಪಡೆದಿದ್ದಾನೆ.

ಟಿ.ವಿ.ಯಲ್ಲಿ ಅವನ ಕಥೆ ನೋಡಿದ ಮಾಲೀಕ ಬರ್ನ್ಸ್, ಇವನನ್ನು ಎಕ್ಸಿಕ್ಯೂಟಿವ್ ವೈಸ್ ಪ್ರೆಸಿಡೆಂಟ್ ಮಾಡಬೇಕು ಎಂದು ಕಣ್ಣೀರಾಗುತ್ತಾನೆ. ಗ್ರೈಮ್ಸ್ ಬಂದು ನಿಲ್ಲುವಷ್ಟರಲ್ಲಿ ಅದೇ ಟಿ.ವಿ.ಯಲ್ಲಿ ಒಂದು ಸಾಹಸಿ ನಾಯಿಯ ಸುದ್ದಿ ಬಂದಿರುತ್ತದೆ. ಆ ಹುದ್ದೆ ನಾಯಿಗೆ! ಗ್ರೈಮ್ಸ್‌ಗೆ ಮೂಲೆಯಲ್ಲೊಂದು ಟೇಬಲ್, ಹೋಮರನ ಪಕ್ಕದಲ್ಲಿ.

ಅಲ್ಲಿಂದ ಅವನ ನರಕ ಶುರು. ಹೆಸರು ಬರೆದಿಟ್ಟ ಪಥ್ಯದ ಊಟವನ್ನು ಹೋಮರ್ ತಿಂದುಬಿಡುತ್ತಾನೆ, ಪೆನ್ಸಿಲ್ ಕಚ್ಚಿ ಹಾಳು ಮಾಡುತ್ತಾನೆ. ಒಮ್ಮೆ ನೀರೋ ಏನೋ ಎಂಬಂತೆ ಸಲ್ಫ್ಯೂರಿಕ್ ಆಸಿಡ್ ಕುಡಿಯಲು ಹೊರಡುತ್ತಾನೆ. ಗ್ರೈಮ್ಸ್ ಓಡಿಬಂದು ಬೀಕರ್ ಹೊಡೆದು ಬೀಳಿಸುತ್ತಾನೆ. ಆಸಿಡ್ ಬಿದ್ದು ಗೋಡೆ ಕರಗುತ್ತದೆ. ಬರ್ನ್ಸ್‌ಗೆ ಕಾಣುವುದು ಗೋಡೆ ಮಾತ್ರ. ಜೀವ ಉಳಿಸಿದವನ ಸಂಬಳ ಕಡಿತ.

ಹೋಮರ್‌ಗೆ ಇವನ ಸಿಟ್ಟು ಅರ್ಥವೇ ಆಗುವುದಿಲ್ಲ. ಸ್ನೇಹ ಮಾಡಿಕೊಳ್ಳೋಣವೆಂದು ಮನೆಗೆ ಕರೆದು ಲಾಬ್‌ಸ್ಟರ್ ಊಟ ಹಾಕಿಸುತ್ತಾನೆ. ಮೇಲೊಂದು, ಕೆಳಗೊಂದು ಬೌಲಿಂಗ್ ಅಂಗಡಿಯಿರುವ ಕೋಣೆಯಲ್ಲಿ ಬದುಕುವ ಗ್ರೈಮ್ಸ್, ಆ ಮನೆ ನೋಡಿ ಕುದಿಯುತ್ತಾನೆ. ಅಧ್ಯಕ್ಷ ಫೋರ್ಡ್ ಜೊತೆ ಫೋಟೊ, ಬಾಹ್ಯಾಕಾಶಕ್ಕೆ ಹೋಗಿ ಬಂದ ಫೋಟೊ, ಮೇಲೆ ಗ್ರ್ಯಾಮಿ ಪ್ರಶಸ್ತಿ ಬೇರೆ. ಜೀವಮಾನವಿಡೀ ದುಡಿದ ತನ್ನ ಬಳಿ ಇರುವುದು ಈ ಬ್ರೀಫ್‌ಕೇಸ್ ಮತ್ತು ಈ ಕ್ರಾಪು ಎಂದು ಕೂಗಾಡಿ, ಊಟ ಮಾಡದೆ ಎದ್ದು ಹೋಗುತ್ತಾನೆ.

ನನಗೆ ಮುಟ್ಟದೆ ಬಿಟ್ಟ ಬಿರಿಯಾನಿ ನೆನಪಾಯಿತು. ರೂಮ್‌ಮೇಟ್ ನಗುತ್ತಲೇ ಇದ್ದ.

ಹೋಮರ್ ದಡ್ಡನೆಂದು ಎಲ್ಲರೆದುರು ಸಾಬೀತು ಮಾಡಲು ಗ್ರೈಮ್ಸ್ ಕೊನೆಗೊಂದು ಉಪಾಯ ಹೂಡುತ್ತಾನೆ. ಅಣುಸ್ಥಾವರದ ಮಾದರಿ ಮಾಡುವ ಮಕ್ಕಳ ಸ್ಪರ್ಧೆಗೆ, ಮಕ್ಕಳದ್ದೆಂಬುದನ್ನು ಮುಚ್ಚಿಟ್ಟು, ಹೋಮರನನ್ನು ಸೇರಿಸುತ್ತಾನೆ. ಹೋಮರ್ ಇರುವ ಸ್ಥಾವರದ ಮಾದರಿಗೇ ಒಂದಿಷ್ಟು ರೆಕ್ಕೆ, ಒಂದು ಪಟ್ಟೆ ಅಂಟಿಸಿ ತರುತ್ತಾನೆ. ಬರ್ನ್ಸ್ ಅವನಿಗೇ ಬಹುಮಾನ ಕೊಡುತ್ತಾನೆ, ಸಹೋದ್ಯೋಗಿಗಳು ಚಪ್ಪಾಳೆ ತಟ್ಟುತ್ತಾರೆ. ಗ್ರೈಮ್ಸ್‌ನ ತಲೆ ಕೆಡುತ್ತದೆ. ಹೋಮರ್ ಹೇಗಿದ್ದರೂ ನಡೆಯುತ್ತದಲ್ಲ, ನಾನೂ ಹೋಮರ್ ಎಂದು ಕುಣಿಯುತ್ತಾ, ಕೈಗವಸಿಲ್ಲದೆ ಹೈ ವೋಲ್ಟೇಜ್ ತಂತಿ ಹಿಡಿದು ಸಾಯುತ್ತಾನೆ. ಅವನ ಅಂತ್ಯಕ್ರಿಯೆಯಲ್ಲೂ ಹೋಮರ್ ನಿದ್ದೆ ಹೋಗಿ, ಚಾನೆಲ್ ಬದಲಿಸೆಂದು ಹೆಂಡತಿಗೆ ಕನವರಿಸುತ್ತಾನೆ. ಎಲ್ಲರೂ ನಗುತ್ತಾರೆ. ಶವಪೆಟ್ಟಿಗೆ ಕೆಳಗಿಳಿಯುತ್ತದೆ. ಮುಗಿಯಿತು.

ಅವನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದ. ನನಗೆ ನಿದ್ದೆ ಬರಲಿಲ್ಲ. ಗ್ರೈಮ್ಸ್ ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ವಾದಿಸಿಕೊಂಡೆ. ಮರುದಿನ ಅವನು ಇಲ್ಲದಾಗ ಅದೇ ಕಂತನ್ನು ಇನ್ನೊಮ್ಮೆ ನೋಡಿದೆ. ಆಗ ಕಂಡಿದ್ದು ಬೇರೆ. ಹುದ್ದೆಯನ್ನು ನಾಯಿಗೆ ಕೊಟ್ಟವನು ಬರ್ನ್ಸ್. ಸಂಬಳ ಕಡಿದವನು ಬರ್ನ್ಸ್. ರೆಕ್ಕೆ ಅಂಟಿಸಿದ್ದಕ್ಕೆ ಬಹುಮಾನ ಕೊಟ್ಟವನೂ ಬರ್ನ್ಸ್. ಗ್ರೈಮ್ಸ್‌ನ ಸಿಟ್ಟೆಲ್ಲ ಮಾತ್ರ ಪಕ್ಕದ ಟೇಬಲ್ಲಿನವನ ಮೇಲೆ. ಮೇಲಿನವರು ಕಣ್ಣಿಗೆ ಬೀಳುವುದಿಲ್ಲ, ಪಕ್ಕದವನು ದಿನವೂ ಬೀಳುತ್ತಾನೆ.

ನನ್ನ ವಿಷಯದಲ್ಲೂ ಅಷ್ಟೆ. ಪರೀಕ್ಷೆ ಮುಂದೂಡಿದ್ದು ನನ್ನ ರೂಮ್‌ಮೇಟ್ ಅಲ್ಲ. ಕಳಿಸಿದ ರೆಸ್ಯೂಮೆಗೆ ಉತ್ತರ ಕೊಡದೆ ಇದ್ದವನೂ ಅವನಲ್ಲ. ಅವನು ಮಾಡಿದ್ದು ಇಷ್ಟೇ: ಸಿಕ್ಕ ಬಾಗಿಲಲ್ಲಿ ಒಳಗೆ ಹೋದ, ಬರುವಾಗ ನನಗೂ ಊಟ ತಂದ.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಶನಿವಾರಕ್ಕೆ ಒಂದು ವಾರ ಮೊದಲು ಅವನಿಗೆ ಆಫೀಸಿನಲ್ಲಿ ಟ್ರೈನಿಂಗ್ ಮುಗಿದು ಟೆಸ್ಟ್ ಇತ್ತು. ‘ಎಸ್‌ಕ್ಯೂಎಲ್ ಜಾಯಿನ್ಸ್ ತಲೆಗೆ ಹೋಗ್ತಿಲ್ಲ, ಹತ್ತು ನಿಮಿಷ ಹೇಳಿಕೊಡೋ’ ಎಂದು ರಾತ್ರಿ ಕೇಳಿದ್ದ. ತಲೆನೋವು ಎಂದು ಹೊದಿಕೆ ಎಳೆದುಕೊಂಡಿದ್ದೆ. ಅವನು ಫೇಲಾಗಲಿ ಎಂಬ ಆಸೆ ಒಳಗಿತ್ತು. ಎರಡು ಗಂಟೆಯವರೆಗೂ ಅವನ ಮೊಬೈಲ್ ಬೆಳಕು ಗೋಡೆಯ ಮೇಲೆ ಕಾಣುತ್ತಿತ್ತು. ಗ್ರೈಮ್ಸ್ ಅಷ್ಟೊಂದು ದ್ವೇಷಿಸುತ್ತಿದ್ದರೂ ಆಸಿಡ್ ಕುಡಿಯಲು ಹೊರಟವನ ಕೈಯಿಂದ ಬೀಕರ್ ಬೀಳಿಸಿದ. ನಾನು ಅಷ್ಟೂ ಮಾಡಲಿಲ್ಲ.

ಅವನು ಟೆಸ್ಟ್ ಪಾಸಾದ. ‘ಆವತ್ತು ನನಗೆ ತಲೆನೋವು ಇರಲಿಲ್ಲ ಕಣೋ’ ಎಂದು ಆ ಭಾನುವಾರ ರಾತ್ರಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಗೊತ್ತಿತ್ತು ಬಿಡೋ’ ಎಂದ. ಅಷ್ಟೇ ಮಾತು. ಈಗ ವಾರಕ್ಕೆರಡು ದಿನ ನಾನು ಅವನಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ಅವನು ಎಚ್‌ಆರ್ ಥರ ಕಾಲ ಮೇಲೆ ಕಾಲು ಹಾಕಿಕೊಂಡು ನನಗೆ ಇಂಟರ್‌ವ್ಯೂ ಮಾಡುತ್ತಾನೆ. ನನ್ನ ಉತ್ತರಗಳು ಎಷ್ಟು ಉದ್ದ, ಎಷ್ಟು ಬಿಗಿ ಎಂದು ಗೊತ್ತಾಗಿದ್ದೇ ಅವನಿಂದ.

ಕೆಲಸ ಇನ್ನೂ ಸಿಕ್ಕಿಲ್ಲ. ಪರೀಕ್ಷೆಯ ಹೊಸ ದಿನಾಂಕವೂ ಬಂದಿಲ್ಲ. ಅನ್ಯಾಯ ಎಂದು ಈಗಲೂ ಅನಿಸುತ್ತದೆ, ಅನಿಸಿದ್ದನ್ನು ಹೇಳುತ್ತೇನೆ ಕೂಡ. ಆದರೆ ಅವನು ಪಾರ್ಸೆಲ್ ತಂದ ದಿನ ಅದನ್ನು ಬಿಚ್ಚಿ ಇಬ್ಬರೂ ಹಂಚಿಕೊಂಡು ತಿನ್ನುತ್ತೇವೆ.