ಟೀವಿಯ ಗಡಿಯಾರಕ್ಕೆ ಬಗ್ಗದ ಪೆಟ್ಟಿಗೆ

ರಾಮಾಯಣ ಧಾರಾವಾಹಿ 1987-88ರಲ್ಲಿ ಪ್ರಸಾರವಾಗುತ್ತಿದ್ದಾಗ ಭಾನುವಾರ ಬೆಳಿಗ್ಗೆ ಕರೆಂಟು ಹೋದರೆ ಆ ವಾರದ ಕಂತು ಹೋದಂತೆಯೇ. ಟೀವಿಯ ವೇಳೆಗೆ ಮನೆಮಂದಿ ಹೊಂದಿಕೊಳ್ಳಬೇಕಿತ್ತೇ ಹೊರತು ಮನೆಮಂದಿಯ ವೇಳೆಗೆ ಟೀವಿ ಹೊಂದಿಕೊಳ್ಳುತ್ತಿರಲಿಲ್ಲ. ಅಮೆರಿಕದಲ್ಲಿ ಈ ಕಟ್ಟನ್ನು ಸಡಿಲಿಸಲು ಹಲವರು ಹಲವು ಬಗೆಯಲ್ಲಿ ಹೆಣಗಿದರು. ಅವುಗಳಲ್ಲಿ ಹೆಚ್ಚು ಕುತೂಹಲಕರವಾದದ್ದು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗದ ಒಂದು ಯಂತ್ರ. ಕಂಪ್ಯೂಟರಿನ ಬಿಡಿಭಾಗಗಳನ್ನು ತಂದು, ಲಿನಕ್ಸ್ ತಂತ್ರಾಂಶ ತುಂಬಿ, ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡ ಟೀವಿ ಮುದ್ರಣ ಪೆಟ್ಟಿಗೆ ಅದು.

ಮನೆಯಲ್ಲಿ ಕುಳಿತು ಟೀವಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ತಪ್ಪೋ ಸರಿಯೋ ಎಂಬ ಪ್ರಶ್ನೆ ಅದಕ್ಕೂ ಹಳೆಯದು. ಸೋನಿ ಕಂಪೆನಿ 1975ರಲ್ಲಿ ಬೀಟಾಮ್ಯಾಕ್ಸ್ ವಿಡಿಯೋ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟು, ಆಮೇಲೆ ನೋಡಲೆಂದು ಮುದ್ರಿಸಿಕೊಳ್ಳುವುದು ನ್ಯಾಯವಾದ ಬಳಕೆಯೇ ಎಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಂದೇ ಒಂದು ಮತ ಆಚೆಗೆ ವಾಲಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

1999ರಲ್ಲಿ ಟೀವೋ ಎಂಬ ಪೆಟ್ಟಿಗೆ ಬಂತು. ಕ್ಯಾಸೆಟ್ಟಿನ ಬದಲು ಹಾರ್ಡ್ ಡಿಸ್ಕ್. ಗಂಟೆ ಹೊಂದಿಸುವ ಗೋಜಿಲ್ಲದೆ ಕಾರ್ಯಕ್ರಮದ ಹೆಸರು ಹೇಳಿದರೆ ಸಾಕು. ಟೆಲಿಫೋನ್ ತಂತಿಯ ಮೂಲಕ ಮುಂದಿನ ದಿನಗಳ ಕಾರ್ಯಕ್ರಮ ಪಟ್ಟಿಯನ್ನು ಅದೇ ತರಿಸಿಕೊಂಡು, ವೇಳೆ ಬದಲಾದರೂ ಬಿಡದೆ ಮುದ್ರಿಸುತ್ತಿತ್ತು. ಇದರ ಹೊಟ್ಟೆಯೊಳಗಿದ್ದದ್ದೂ ಲಿನಕ್ಸ್ ತಂತ್ರಾಂಶವೇ! ಆದರೆ ಪಟ್ಟಿಗೆ ಶುಲ್ಕ ಕೊಡಬೇಕಿತ್ತು. ಒಳಗಿನ ವ್ಯವಸ್ಥೆ ಕಂಪೆನಿಯ ಹಿಡಿತದಲ್ಲಿತ್ತು. ಎದುರಾಳಿ ರೀಪ್ಲೇಟೀವಿ ಜಾಹೀರಾತುಗಳನ್ನು ತಾನಾಗಿಯೇ ಹಾರಿಸತೊಡಗಿದಾಗ 2001ರಲ್ಲಿ ಟೀವಿ ಜಾಲಗಳು ದಾವೆ ಹೂಡಿದವು. ಅದನ್ನು ತಯಾರಿಸುತ್ತಿದ್ದ ಸಾನಿಕ್‌ಬ್ಲೂ 2003ರಲ್ಲಿ ದಿವಾಳಿಯಾಯಿತು. ಕೊಂಡು ತಂದ ಪೆಟ್ಟಿಗೆಯ ಗುಣ ಕಂಪೆನಿಯ ಹಣೆಬರಹಕ್ಕೆ ಗಂಟುಬಿದ್ದಿರುತ್ತದೆ ಎಂಬುದು ಗ್ರಾಹಕರಿಗೆ ಆಗ ಅರಿವಾಯಿತು.

ಐಸಾಕ್ ರಿಚರ್ಡ್ಸ್ ಎಂಬ ತಂತ್ರಾಂಶಗಾರ 2002ರಲ್ಲಿ ‘ಮಿಥ್‌ಟೀವಿ’ಯನ್ನು ಬರೆಯತೊಡಗಿದ್ದು ಇಂಥ ಸಮಯದಲ್ಲೇ. ಕೇಬಲ್ ಕಂಪೆನಿ ಕೊಟ್ಟ ಪೆಟ್ಟಿಗೆ ಚಾನೆಲ್ ಬದಲಿಸಲು ತಿಣುಕಾಡುತ್ತಿತ್ತು, ಕಾರ್ಯಕ್ರಮ ಪಟ್ಟಿಯಲ್ಲೂ ಜಾಹೀರಾತು ತುರುಕುತ್ತಿತ್ತು ಎಂಬುದು ಅವರ ಸಿಟ್ಟು. ಬರೆದದ್ದನ್ನು ಮುಕ್ತವಾಗಿ ಹಂಚಿದ್ದರಿಂದ ಉಳಿದ ಹವ್ಯಾಸಿಗಳೂ ಕೈಜೋಡಿಸಿದರು.

ಪೆಟ್ಟಿಗೆ ಕಟ್ಟುವ ಕೆಲಸ ಓದಿದಷ್ಟು ಸುಲಭವಲ್ಲ. ಮೊದಲು ಬೇಕಾದದ್ದು ಟ್ಯೂನರ್ ಕಾರ್ಡ್, ಅಂದರೆ ಕೇಬಲ್ ಅಥವಾ ಆಂಟೆನಾದ ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಬಿಲ್ಲೆ. ಅಂದಿನ ಟೀವಿ ಚಿತ್ರವನ್ನು ಕುಗ್ಗಿಸದೆ ಹಾಗೆಯೇ ಹಿಡಿದಿಟ್ಟರೆ ಒಂದು ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕು. ಕುಗ್ಗಿಸಿದರೆ ಎರಡು ಗಿಗಾಬೈಟಿನ ಆಸುಪಾಸಿಗೆ ಇಳಿಯುತ್ತದೆ. ಕುಗ್ಗಿಸುವ ಹೊರೆಯನ್ನು ಕಂಪ್ಯೂಟರಿನ ಮೇಲೆ ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಆದ್ದರಿಂದ ಆ ಕೆಲಸವನ್ನು ತಾನೇ ಮಾಡುವ ಹಾಪಾಗ್ ಕಂಪೆನಿಯ ಪಿವಿಆರ್-250ರಂಥ ಕಾರ್ಡುಗಳಿಗೆ ಹವ್ಯಾಸಿಗಳು ಮುಗಿಬಿದ್ದರು. ಅದನ್ನು ಲಿನಕ್ಸಿಗೆ ಒಗ್ಗಿಸುವ ಚಾಲಕ ತಂತ್ರಾಂಶವನ್ನೂ ಸ್ವಯಂಸೇವಕರೇ ಬರೆಯಬೇಕಾಯಿತು.

ಮಿಥ್‌ಟೀವಿಗೆ ಎರಡು ಭಾಗ. ಹಿಂಭಾಗ ಮುದ್ರಿಸುತ್ತದೆ, ಮುಂಭಾಗ ತೋರಿಸುತ್ತದೆ. ಹೀಗಾಗಿ ಗದ್ದಲ ಮಾಡುವ ದೊಡ್ಡ ಯಂತ್ರವನ್ನು ನೆಲಮಾಳಿಗೆಗೆ ತಳ್ಳಿ, ಹಜಾರದಲ್ಲಿ ಸದ್ದಿಲ್ಲದ ಚಿಕ್ಕದೊಂದನ್ನು ಇಡಬಹುದಿತ್ತು. ಫ್ಯಾನಿನ ಗುಂಯ್‌ಗುಡುವಿಕೆ ಸಣ್ಣ ಸಂಗತಿಯಲ್ಲ. ಹೆಂಡತಿ ಒಪ್ಪದ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ವ್ಯರ್ಥ ಎಂದು ಹವ್ಯಾಸಿಗಳು ತಮಾಷೆ ಮಾಡಿಕೊಳ್ಳುತ್ತಿದ್ದರು. ಕೇಬಲ್ ಕಂಪೆನಿಯ ಪೆಟ್ಟಿಗೆ ಇರುವವರ ಪಾಡು ಇನ್ನೂ ವಿನೋದದ್ದು. ಅದರ ಮುಖಕ್ಕೆ ಅತಿಗೆಂಪು ಕಿರಣ ಬೀರುವ ಪುಟ್ಟ ಬಲ್ಬೊಂದನ್ನು ಅಂಟಿಸಿದರೆ, ಕಂಪ್ಯೂಟರು ರಿಮೋಟಿನ ವೇಷ ಹಾಕಿ ಚಾನೆಲ್ ಬದಲಿಸುತ್ತಿತ್ತು!

ಜಾಹೀರಾತು ಗುರುತಿಸುವ ಉಪಾಯವೂ ಸರಳವಾದದ್ದೇ. ಕಾರ್ಯಕ್ರಮ ನಿಂತು ಜಾಹೀರಾತು ಶುರುವಾಗುವಾಗ ಕ್ಷಣಮಾತ್ರ ಪರದೆ ಕಪ್ಪಾಗುತ್ತದೆ. ಮೂಲೆಯಲ್ಲಿರುವ ಚಾನೆಲ್ಲಿನ ಲಾಂಛನ ಮಾಯವಾಗುತ್ತದೆ. ತಂತ್ರಾಂಶ ಇವನ್ನು ಹುಡುಕಿ ಗುರುತು ಹಾಕುತ್ತದೆ. ಕತ್ತಲ ದೃಶ್ಯಗಳೇ ತುಂಬಿದ ಚಿತ್ರದಲ್ಲಿ ಲೆಕ್ಕ ತಪ್ಪುವುದೂ ಉಂಟು.

ಇಷ್ಟೆಲ್ಲ ಕಟ್ಟಿದರೂ ಒಂದು ಅವಲಂಬನೆ ಉಳಿದೇ ಇತ್ತು. ಯಾವ ಚಾನೆಲ್ಲಿನಲ್ಲಿ ಎಷ್ಟು ಹೊತ್ತಿಗೆ ಏನು ಎಂಬ ಪಟ್ಟಿ ಇಲ್ಲದಿದ್ದರೆ ಪೆಟ್ಟಿಗೆ ಕುರುಡು. ಟ್ರಿಬ್ಯೂನ್ ಸಮೂಹದ ಜ್ಯಾಪ್‌ಟುಇಟ್ ಲ್ಯಾಬ್ಸ್ ಆ ಪಟ್ಟಿಯನ್ನು ಹವ್ಯಾಸಿಗಳಿಗೆ ಉಚಿತವಾಗಿ ಕೊಡುತ್ತಿತ್ತು. 2007ರ ಸೆಪ್ಟೆಂಬರ್ 1ರಿಂದ ಕೊಡುವುದಿಲ್ಲ ಎಂದು ಆ ವರ್ಷ ಸಾರಿಬಿಟ್ಟಿತು. ಕೈಯಾರೆ ಕಟ್ಟಿದ ಯಂತ್ರಗಳೆಲ್ಲ ಒಂದೇ ದಿನ ನಿಷ್ಪ್ರಯೋಜಕವಾಗುವ ಭೀತಿ. ಮುಕ್ತ ತಂತ್ರಾಂಶದ ಮಂದಿ ತರಾತುರಿಯಲ್ಲಿ ‘ಶೆಡ್ಯೂಲ್ಸ್ ಡೈರೆಕ್ಟ್’ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಸದಸ್ಯರಿಂದ ಸಣ್ಣ ಮೊತ್ತ ಕೂಡಿಸಿ ಪಟ್ಟಿಯನ್ನು ಕೊಳ್ಳತೊಡಗಿದರು. ಶುಲ್ಕ ಬೇಡವೆಂದು ಹೊರಟವರೇ ಶುಲ್ಕ ಕೊಡಬೇಕಾಯಿತು. ಕೊಟ್ಟದ್ದು ತಮ್ಮದೇ ಸಂಸ್ಥೆಗೆ ಎಂಬ ಸಮಾಧಾನವಷ್ಟೇ.

ಸರ್ಕಾರದ ಕಡೆಯಿಂದಲೂ ಒಂದು ಗಂಡಾಂತರ ಬಂದು ಹೋಯಿತು. ಅಮೆರಿಕದ ಸಂಪರ್ಕ ಆಯೋಗ 2003ರ ನವೆಂಬರಿನಲ್ಲಿ ‘ಪ್ರಸಾರ ಧ್ವಜ’ ಎಂಬ ನಿಯಮ ಮಾಡಿತು. ಡಿಜಿಟಲ್ ಪ್ರಸಾರದಲ್ಲಿ ಅಡಗಿರುವ ಒಂದು ಸಂಕೇತ ಕಂಡರೆ ಯಂತ್ರವು ನಕಲಿಗೆ ಕಡಿವಾಣ ಹಾಕಲೇಬೇಕು. 2005ರ ಜುಲೈ 1ರ ನಂತರ ಹಾಗೆ ಮಾಡದ ಟ್ಯೂನರುಗಳನ್ನು ತಯಾರಿಸುವಂತಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶಕ್ಕೆ ಇಂಥ ಕಡಿವಾಣ ಹೊಂದುವುದೇ ಇಲ್ಲ. ಗಡುವಿಗೆ ಮುನ್ನವೇ ಪೆಟ್ಟಿಗೆ ಕಟ್ಟಿಕೊಳ್ಳಿರೆಂದು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಹಕ್ಕುಗಳ ಸಂಸ್ಥೆ ಪ್ರಚಾರಕ್ಕಿಳಿಯಿತು. ಗ್ರಂಥಾಲಯಗಳ ಸಂಘ ಮೊದಲಾದವರು ನ್ಯಾಯಾಲಯಕ್ಕೆ ಹೋದರು. ಪ್ರಸಾರ ತಲುಪಿದ ಮೇಲೆ ಯಂತ್ರ ಏನು ಮಾಡಬೇಕೆಂದು ಹೇಳುವ ಅಧಿಕಾರ ಆಯೋಗಕ್ಕಿಲ್ಲವೆಂದು 2005ರ ಮೇ 6ರಂದು ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಹೊಡೆದುಹಾಕಿತು.

ಅತ್ತ ಟೀವೋ ತನ್ನ ತಂತ್ರಾಂಶವನ್ನು ಬಳಕೆದಾರ ತಿದ್ದಿದರೆ ಯಂತ್ರವೇ ಓಡದಂತೆ ಬೀಗ ಹಾಕಿತ್ತು. ಮುಕ್ತ ತಂತ್ರಾಂಶ ಬಳಸಿಯೂ ಬೀಗ ಹಾಕುವ ಈ ಚಾಳಿಗೆ ರಿಚರ್ಡ್ ಸ್ಟಾಲ್ಮನ್ ‘ಟೀವೋಯೀಕರಣ’ ಎಂದು ಹೆಸರಿಟ್ಟರು. 2007ರಲ್ಲಿ ಹೊರಬಂದ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿಯಲ್ಲಿ ಅದನ್ನು ತಡೆಯುವ ಕಲಮೇ ಸೇರಿತು.

2009ರ ಜೂನ್ 12ರಂದು ಅಮೆರಿಕದ ದೊಡ್ಡ ಟೀವಿ ನಿಲಯಗಳು ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿದವು. ಆಂಟೆನಾ ಹಿಡಿಯಲು ಹೊಸ ಬಗೆಯ ಕಾರ್ಡು ಬೇಕಾಯಿತು. 2012ರಲ್ಲಿ ಕೇಬಲ್ ಕಂಪೆನಿಗಳಿಗೆ ಮೂಲ ಚಾನೆಲ್ಲುಗಳನ್ನೂ ಗೂಢಲಿಪಿಯಲ್ಲಿ ಕಳಿಸಲು ಆಯೋಗದ ಅನುಮತಿ ಸಿಕ್ಕಿತು. ಕೇಬಲ್ ತಂತಿಯನ್ನು ನೇರವಾಗಿ ಕಾರ್ಡಿಗೆ ಚುಚ್ಚಿಕೊಂಡಿದ್ದವರು ದಾರಿಗಾಣದೆ ಕುಳಿತರು. ಅಂಥವರಲ್ಲಿ ಕೆಲವರು ಮಹಡಿ ಹತ್ತಿ, ಅಪ್ಪನ ಕಾಲದಂತೆ ಆಂಟೆನಾ ನಿಲ್ಲಿಸಿದರು. ಆಂಟೆನಾಕ್ಕೆ ಬರುವ ಪ್ರಸಾರವನ್ನು ಅವರ ಪೆಟ್ಟಿಗೆಗಳು ಇಂದಿಗೂ ಮುದ್ರಿಸಬಲ್ಲವು.