ನಿಮಗಿದು ಗೊತ್ತೆ?: ಒಮ್ಮೆ ಪಾಸು, ಒಮ್ಮೆ ಫೇಲು
ಫೈರ್‌ಫಾಕ್ಸ್ ಬ್ರೌಸರ್‌ಗೆ ಹೊಸ ಕೋಡ್ ಸೇರುವಾಗ ನಡೆಯುವ ಸ್ವಯಂಚಾಲಿತ ಪರೀಕ್ಷೆಗಳ ಪೈಕಿ, ಯಾವ ಬದಲಾವಣೆಯೂ ಇಲ್ಲದೆ ಒಮ್ಮೆ ಪಾಸಾಗಿ ಮತ್ತೊಮ್ಮೆ ಫೇಲಾಗುವಂಥವೇ ಪ್ರೋಗ್ರಾಮರುಗಳನ್ನು ಹೆಚ್ಚು ಕಾಡುತ್ತವೆ. ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಪ್ರತಿ ಸಲವೂ ಒಂದೇ ಕ್ರಮದಲ್ಲಿ ನಡೆಯದಿರುವುದು ಇದಕ್ಕೊಂದು ಮುಖ್ಯ ಕಾರಣವಾಗಿದ್ದು, ಹುಡುಕಲು ಹೊರಟಾಗಲೇ ದೋಷ ತಲೆಮರೆಸಿಕೊಳ್ಳುವುದುಂಟು. ಮೊಜಿಲ್ಲಾದಲ್ಲಿ ರೂಪುಗೊಂಡ ‘ಆರ್‌ಆರ್’ ಎಂಬ ಲಿನಕ್ಸ್ ಸಾಧನವು ಫೇಲಾದ ಪರೀಕ್ಷೆಯನ್ನು ದಾಖಲಿಸಿಕೊಂಡು, ಮೆಮೊರಿ ವಿಳಾಸಗಳೂ ಬದಲಾಗದಂತೆ ಬೇಕಾದಷ್ಟು ಸಲ ಮರುನಡೆಸುವುದರಿಂದ, ತಪ್ಪು ಮೌಲ್ಯ ಕಂಡಲ್ಲಿಂದ ಹಿಮ್ಮುಖವಾಗಿ ಸಾಗಿ ಅದನ್ನು ಬರೆದ ಸಾಲನ್ನೇ ತಲುಪಬಹುದು. ಆದರೆ ಈ ಸಾಧನವು ಥ್ರೆಡ್‌ಗಳನ್ನು ಒಂದರ ನಂತರ ಒಂದರಂತೆ ಸರದಿಯಲ್ಲಿ ನಡೆಸುವ ಕಾರಣ ಕೆಲವು ದೋಷಗಳು (ವಿಪರ್ಯಾಸವೇ ಸರಿ) ಮೇಲೇಳುತ್ತಲೇ ಇರಲಿಲ್ಲ. 2016ರಲ್ಲಿ ಈ ಸಾಧನಕ್ಕೆ ಸೇರಿದ ‘ಕೇಯಾಸ್ ಮೋಡ್’ ಎಂಬ ವಿಧಾನವು ಥ್ರೆಡ್‌ಗಳ ಆದ್ಯತೆಯನ್ನು ಬೇಕೆಂದೇ ಏರುಪೇರು ಮಾಡಿ ಅಂಥ ಹಲವನ್ನು ಹೊರಗೆಳೆಯುತ್ತದೆ.