ಡಿಕ್ಕಿಯೇ ಇಲ್ಲದೆ ಆಘಾತ: ಸೌರ ಮಾರುತದ ಒಂದು ಒಗಟು



ನೆಂಟರು ಬಂದಾಗ ಅವರನ್ನು ಊಟಿ ಸುತ್ತಿಸುವುದು ನಮ್ಮೆಲ್ಲರ ಮನೆಯಲ್ಲೂ ಇರುವ ರೂಢಿ. ಮುತ್ತೋರೈ ಕಡೆ ಹೋದರೆ ಗುಡ್ಡದ ಇಳಿಜಾರಿನ ಉದ್ದಕ್ಕೂ ಸಾಲಾಗಿ ನಿಂತ ಕಬ್ಬಿಣದ ಚೌಕಟ್ಟುಗಳು ಕಾಣುತ್ತವೆ. "ಅದೊಂದು ರೇಡಿಯೊ ದೂರದರ್ಶಕ" ಎಂದು ಹೇಳಿ ನಾವು ಮುಂದೆ ಹೋಗಿಬಿಡುತ್ತೇವೆ. ಕಳೆದ ತಿಂಗಳ ಸಭೆಯಲ್ಲಿ ಅದು ಸೂರ್ಯನಿಂದ ಬರುವ ಬಿರುಗಾಳಿಯನ್ನೂ ಗಮನಿಸುತ್ತದೆ ಎಂಬ ಮಾತು ಬಂತು. ಆಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ ಅಂತ ಪುಸ್ತಕದಲ್ಲಿದೆ. ಮತ್ತೆ ಬಿರುಗಾಳಿ ಹೇಗೆ?" ಅಂದು ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅಡುಗೆಮನೆಗೆ ಹೋಗೋಣ. ನಲ್ಲಿ ತಿರುಗಿಸಿದರೆ ನೀರು ಸಿಂಕಿನ ತಳಕ್ಕೆ ಬಿದ್ದು, ತೆಳ್ಳಗೆ, ವೇಗವಾಗಿ ಸುತ್ತಲೂ ಹರಡುತ್ತದೆ. ಸ್ವಲ್ಪ ದೂರದಲ್ಲಿ ಬಳೆಯಂತೆ ಒಂದು ಅಂಚು ಏಳುತ್ತದೆ. ಅದರಾಚೆ ನೀರು ದಪ್ಪ, ನಡೆ ನಿಧಾನ. ವೇಗದ ಹರಿವು ಒಮ್ಮೆಗೇ ತಡೆದು, ದಟ್ಟವಾಗಿ, ನಿಧಾನವಾಗುವ ಇಂಥ ಅಂಚಿನ ಹಾಗೆಯೇ ಆಘಾತ ತರಂಗ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಗಾಳಿಯಲ್ಲಿ ಇಂಥದ್ದನ್ನು ಎಬ್ಬಿಸುತ್ತದೆ. ಆಗ ನಮಗೆ ಕೇಳುವುದೇ ಆ 'ಢಮಾರ್' ಸದ್ದು.

ಗಾಳಿಯಲ್ಲಿ ಈ ಕೆಲಸ ನಡೆಯುವುದು ಡಿಕ್ಕಿಯಿಂದ. ಸಮುದ್ರಮಟ್ಟದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 25ರ ಮುಂದೆ 18 ಸೊನ್ನೆ ಇಟ್ಟಷ್ಟು ಅಣುಗಳಿವೆ. ಹಿಂದಿನದು ಮುಂದಿನದನ್ನು ಕ್ಷಣಕ್ಷಣಕ್ಕೂ ತಳ್ಳುತ್ತದೆ. ಬಾಹ್ಯಾಕಾಶ ಕೂಡ ಪೂರ್ತಿ ಖಾಲಿಯಲ್ಲ. ಸೂರ್ಯನಿಂದ ಪ್ರೋಟಾನ್, ಎಲೆಕ್ಟ್ರಾನ್‌ಗಳ ಹೊನಲು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಹೊರಡುತ್ತಿರುತ್ತದೆ. ಅದೇ ಸೌರ ಮಾರುತ. ಆದರೆ ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಅದರ ಪ್ರೋಟಾನ್‌ಗಳು ಬರೀ ಐದಾರು! ಅಲ್ಲಿ ಒಂದು ಕಣ ಇನ್ನೊಂದಕ್ಕೆ ಡಿಕ್ಕಿಯಾಗಬೇಕಾದರೆ ಸುಮಾರು 15 ಕೋಟಿ ಕಿ.ಮೀ., ಅಂದರೆ ಸೂರ್ಯನಿಂದ ಭೂಮಿಗೆ ಇರುವಷ್ಟು ದೂರ ಹೋಗಬೇಕು. ಡಿಕ್ಕಿಯೇ ಇಲ್ಲವೆಂದಮೇಲೆ ಆಘಾತ ಎಲ್ಲಿಂದ ಬಂತು?

ಉತ್ತರ ಇರುವುದು ಪ್ಲಾಸ್ಮಾದ ಗುಣದಲ್ಲಿ. ವಿದ್ಯುದಾವೇಶ ಹೊತ್ತ ಕಣಗಳ ಅನಿಲವೇ ಪ್ಲಾಸ್ಮಾ. ಅದರೊಳಗೆ ಕಾಂತಕ್ಷೇತ್ರವೂ ಹೆಣೆದುಕೊಂಡಿರುತ್ತದೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬರು ಇನ್ನೊಬ್ಬರ ಮೇಜಿಗೆ ಹೋಗಿ ಸುದ್ದಿ ಮುಟ್ಟಿಸುವುದು ಗಾಳಿಯ ರೀತಿ. ಒಂದು ಸುತ್ತೋಲೆ ಹೊರಟು, ಯಾರೂ ಯಾರನ್ನೂ ಭೇಟಿಯಾಗದೆ ಎಲ್ಲರೂ ಅದರಂತೆ ನಡೆಯುವುದು ಪ್ಲಾಸ್ಮಾದ ರೀತಿ. ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳೇ ಇಲ್ಲಿನ ಸುತ್ತೋಲೆ. ಕಾಂತಕ್ಷೇತ್ರ ಸಿಕ್ಕೊಡನೆ ಪ್ರೋಟಾನ್ ನೇರ ದಾರಿ ಬಿಟ್ಟು ಸುತ್ತತೊಡಗುತ್ತದೆ. ಕೆಲವು ಕಣಗಳು ಹಿಂದಕ್ಕೆ ಚಿಮ್ಮಿ, ಬರುವ ಹೊನಲಿಗೆ ಎದುರಾಗಿ ಅಲೆಗಳನ್ನು ಎಬ್ಬಿಸುತ್ತವೆ. ಆ ಅಲೆಗಳು ಉಳಿದ ಕಣಗಳನ್ನು ಚದುರಿಸಿ, ಬಿಸಿಮಾಡಿ, ನಿಧಾನಗೊಳಿಸುತ್ತವೆ. ಹೀಗಾಗಿ ಕೋಟಿಗಟ್ಟಲೆ ಕಿ.ಮೀ. ಬೇಕಾಗಿದ್ದ ಕೆಲಸ ನೂರರಿಂದ ಸಾವಿರ ಕಿ.ಮೀ. ಒಳಗೇ ಮುಗಿಯುತ್ತದೆ. ಇದನ್ನೇ ಡಿಕ್ಕಿಯಿಲ್ಲದ ಆಘಾತ ತರಂಗ ಎನ್ನುವುದು.

ಇದು ಬರೀ ಊಹೆಯಲ್ಲ. 1962ರಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-2 ನೌಕೆ ದಾರಿಯಲ್ಲಿ ಇಂಥ ಒಂದು ಆಘಾತವನ್ನು ದಾಖಲಿಸಿತು. 1963ರ ನವೆಂಬರಿನಲ್ಲಿ ಹಾರಿದ ಐಎಂಪಿ-1 ಉಪಗ್ರಹ, ಭೂಮಿಯ ಎದುರಿಗೇ ಒಂದು ಆಘಾತ ಸದಾ ನಿಂತಿರುವುದನ್ನು ತೋರಿಸಿತು. ನಮ್ಮ ಭೂಮಿಯ ಕಾಂತಕ್ಷೇತ್ರ ಅಡ್ಡ ನಿಲ್ಲುವುದರಿಂದ, ಸೂರ್ಯನ ಕಡೆಗೆ ಸುಮಾರು 90,000 ಕಿ.ಮೀ. ದೂರದಲ್ಲೇ ಸೌರ ಮಾರುತ ತಡೆಯುತ್ತದೆ. ಹಡಗಿನ ಮೂತಿಯ ಮುಂದೆ ಏಳುವ ಅಲೆಯಂತೆ ಇರುವುದರಿಂದ ಅದಕ್ಕೆ 'ಬೋ ಶಾಕ್' ಎಂದು ಹೆಸರು. ಸಿಂಕಿನ ಬಳೆಯಂಥ ಆಘಾತವೂ ಇದೆ. ಸೂರ್ಯನಿಂದ ಎಲ್ಲ ಕಡೆಗೂ ಹರಡುವ ಮಾರುತ ನಕ್ಷತ್ರಗಳ ನಡುವಿನ ಅನಿಲದ ಒತ್ತಡಕ್ಕೆ ಕೊನೆಗೆ ತಗ್ಗುವ ಅಂಚು ಅದು. ವಾಯೇಜರ್-1 ಅದನ್ನು 2004ರ ಡಿಸೆಂಬರಿನಲ್ಲಿ ದಾಟಿತು. ಆಗ ಅದು ಸೂರ್ಯನಿಂದ ಇದ್ದದ್ದು ಭೂಮಿಗಿಂತ 94 ಪಟ್ಟು ದೂರದಲ್ಲಿ.

ಆಘಾತದ ಎರಡೂ ಬದಿಗೆ ಪುಟಿದು ಪುಟಿದು ಕೆಲವು ಕಣಗಳು ಶಕ್ತಿ ಗಳಿಸುತ್ತಲೇ ಹೋಗುತ್ತವೆ. ಸಿಡಿದ ನಕ್ಷತ್ರಗಳ ಆಘಾತಗಳಲ್ಲಿ ಹೀಗೆ ಬಲಿತ ಕಣಗಳೇ ವಿಶ್ವಕಿರಣಗಳಲ್ಲಿ ಬಹುಪಾಲು ಎಂಬುದು ವಿಜ್ಞಾನಿಗಳ ಎಣಿಕೆ. ಅವುಗಳನ್ನು ಎಣಿಸುವ ಗ್ರೇಪ್ಸ್-3 ಪ್ರಯೋಗವೂ ನಮ್ಮ ಊಟಿಯಲ್ಲೇ ಇದೆ.

ಇದರಿಂದ ನಮಗೇನು ಎಂದು ಕೇಳುವವರಿಗೆ ಒಂದು ಮಾತು. ಸೂರ್ಯ ಒಮ್ಮೊಮ್ಮೆ ಪ್ಲಾಸ್ಮಾದ ದೊಡ್ಡ ಮುದ್ದೆಯನ್ನೇ ಉಗುಳುತ್ತಾನೆ. ಅದು ಮಾಮೂಲಿ ಮಾರುತಕ್ಕಿಂತ ತುಂಬಾ ವೇಗವಾಗಿದ್ದರೆ ಅದರ ಮುಂದೆ ಆಘಾತ ತರಂಗ ಓಡುತ್ತದೆ. ಅದು ಭೂಮಿಗೆ ಬಡಿದಾಗ ಕಾಂತೀಯ ಬಿರುಗಾಳಿ ಏಳಬಹುದು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಇಂಥ ಬಿರುಗಾಳಿಗೆ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕಾಲ ಕತ್ತಲಲ್ಲಿದ್ದರು. 2022ರ ಫೆಬ್ರುವರಿಯಲ್ಲಿ ಆಗತಾನೆ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಕೈತಪ್ಪಿದವು.

ಹಾಗಾಗಿ ಮುನ್ಸೂಚನೆಗೆ ಬೆಲೆ. ನಮ್ಮ ಇಸ್ರೋದ ಆದಿತ್ಯ-ಎಲ್1 2024ರ ಜನವರಿ 6ರಿಂದ, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ತಾಣದಲ್ಲಿದೆ. ಸೌರ ಮಾರುತದ ಕಣಗಳನ್ನು, ಕಾಂತಕ್ಷೇತ್ರವನ್ನು ಅಳೆಯುವ ಉಪಕರಣಗಳು ಅದರಲ್ಲಿವೆ. ಸೆಕೆಂಡಿಗೆ 800 ಕಿ.ಮೀ. ವೇಗದ ಆಘಾತ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ ಸಾಕು. ಕೈಗೆ ಸಿಗುವ ಸಮಯ ಅಷ್ಟೇ. ಇನ್ನೂ ಮೊದಲೇ ತಿಳಿಯಬೇಕೆಂದರೆ ಮುತ್ತೋರೈ ದೂರದರ್ಶಕದ ವಿಧಾನ ನೆರವಿಗೆ ಬರುತ್ತದೆ. ನಮ್ಮ ವಾತಾವರಣದಿಂದಾಗಿ ನಕ್ಷತ್ರ ಮಿನುಗುವಂತೆ, ಸೌರ ಮಾರುತದ ಏರುಪೇರಿನಿಂದ ದೂರದ ರೇಡಿಯೊ ಮೂಲಗಳು ಮಿನುಗುತ್ತವೆ. ಆ ಮಿನುಗನ್ನು ಅಳೆದರೆ ಬಿರುಗಾಳಿ ನಡುದಾರಿಯಲ್ಲಿರುವಾಗಲೇ ಅದರ ವೇಗ ಸಿಗುತ್ತದೆ. 530 ಮೀಟರ್ ಉದ್ದ, 30 ಮೀಟರ್ ಅಗಲದ ಈ ದೂರದರ್ಶಕವನ್ನು ಗೋವಿಂದ್ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಲಾಯಿತು. 1970ರಿಂದ ಅದು ಕೆಲಸ ಮಾಡುತ್ತಿದೆ. ಇಲ್ಲಿನ ಅಕ್ಷಾಂಶ 11 ಡಿಗ್ರಿ. ಗುಡ್ಡದ ಇಳಿಜಾರೂ ಅಷ್ಟೇ ಇರುವುದರಿಂದ ಭೂಮಿ ತಿರುಗಿದಂತೆ ಒಂದೇ ಅಕ್ಷದ ಮೇಲೆ ಹೊರಳಿಸಿ ಒಂದು ಮೂಲವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಈ ಗುಡ್ಡವನ್ನೇ ಆರಿಸಿದ್ದು ಅದಕ್ಕಾಗಿ.

ಆ ಹುಡುಗಿಗೆ ನಮ್ಮ ಉತ್ತರ ಇಷ್ಟೇ, ಮಗೂ: ಅಲ್ಲಿ ಉಸಿರಾಡುವ ಗಾಳಿಯಿಲ್ಲ, ಪ್ಲಾಸ್ಮಾದ ಗಾಳಿಯಿದೆ. ಕಣಕ್ಕೆ ಕಣ ತಾಗದಿದ್ದರೂ ಕಾಂತಕ್ಷೇತ್ರ ಅವನ್ನೆಲ್ಲ ಕಟ್ಟಿಹಾಕಿದೆ. ಮುಂದಿನ ಸಭೆಯಲ್ಲಿ ಇನ್ನೂ ಪ್ರಶ್ನೆಗಳಿದ್ದರೆ ಮಕ್ಕಳು ಬರೆದು ತರಲಿ. ಕನ್ನಡದಲ್ಲೇ ಬರೆದು ತರಲಿ.

— ಕಾರ್ಯದರ್ಶಿ